ಒಂದು ರೂಪಾಯಿ ಕಮ್ಮಿ ಬಿದ್ದ ಪುಣ್ಯ

ನಮ್ಮೂರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ನಾನು 5,000 ರೂಪಾಯಿ ಕೊಟ್ಟೆ. ಕೊಟ್ಟೆ ಅಂದರೆ, ಬೆಂಗಳೂರಿನ ಒಂದು ಸಿಗ್ನಲ್‌ನಲ್ಲಿ ನಿಂತಿದ್ದಾಗ ಫೋನ್ ತೆಗೆದು ಕಳಿಸಿದೆ. ಹಸಿರು ದೀಪ ಬರುವುದರೊಳಗೆ ಪುಣ್ಯದ ಕೆಲಸ ಮುಗಿದಿತ್ತು. ಹಿಂದಿನ ಆಟೋದವನು ಹಾರ್ನ್ ಹೊಡೆದಾಗಲೂ ಮುಖದಲ್ಲಿ ಒಂಥರಾ ಸಮಾಧಾನ ಇತ್ತು ಅಂತ ನೆನಪು.

ಮೂರು ತಿಂಗಳ ಮೇಲೆ ಕುಂಭಾಭಿಷೇಕಕ್ಕೆ ಊರಿಗೆ ಹೋದೆ. ಊರು ಚನ್ನರಾಯಪಟ್ಟಣದ ಕಡೆ. ಮೊದಲು ಒಳಗೆ ಹೋಗಿ ದೇವರಿಗೆ ಕೈಮುಗಿದೆ ಅಂತ ಇಲ್ಲಿ ಬರೆದರೆ ಚೆನ್ನಾಗಿರುತ್ತೆ. ಆದರೆ ನಾನು ಮೊದಲು ಹೋಗಿದ್ದು ಬಾಗಿಲ ಪಕ್ಕದ ಗೋಡೆ ಹತ್ತಿರ. ಅಲ್ಲಿ ಕರಿ ಗ್ರಾನೈಟಿನ ಫಲಕ ಕೂರಿಸಿದ್ದರು. ಮೇಲ್ಗಡೆ ಲಕ್ಷ ಕೊಟ್ಟವರು, ದಪ್ಪ ಅಕ್ಷರ, ಚಿನ್ನದ ಬಣ್ಣ. ಆಮೇಲೆ 50,001ರವರು, 25,001ರವರು, 10,001ರವರು. ಕೆಳಕ್ಕೆ ಬರುತ್ತಾ ಬರುತ್ತಾ ಅಕ್ಷರ ಸಣ್ಣಗಾಗಿ, 5,001ರ ಹೊತ್ತಿಗೆ ಕನ್ನಡಕ ಬೇಕು. ಹಾಕಿಕೊಂಡೆ. ಮೇಲಿಂದ ಕೆಳಕ್ಕೆ ಒಂದು ಸಲ, ಕೆಳಗಿಂದ ಮೇಲಕ್ಕೆ ಒಂದು ಸಲ ಓದಿದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಹಾಕಿದ ದಿನ ಸ್ಕೂಲಿನ ಬೋರ್ಡಿನ ಮುಂದೆ ಎದೆ ಹೀಗೇ ಹೊಡೆದುಕೊಂಡಿತ್ತು. ಅವತ್ತು ನಂಬರ್ ಇತ್ತು. ಇವತ್ತು ಹೆಸರಿಲ್ಲ. ಕೊನೆಯ ಸಾಲಿನಲ್ಲಿ "ಮತ್ತು ಇತರೆ ಭಕ್ತಾದಿಗಳು" ಅಂತಿತ್ತು. ಅದು ನಾನು.

ಲೆಕ್ಕ ನೋಡಿಕೊಳ್ಳುವ ಚಿಕ್ಕಪ್ಪನನ್ನು ಅಡುಗೆ ಶಾಮಿಯಾನದ ಹತ್ತಿರ ಹಿಡಿದೆ. ನೇರವಾಗಿ ಕೇಳಲು ನಾಚಿಕೆ.

"ಚಿಕ್ಕಪ್ಪ, ಫಲಕ ಚೆನ್ನಾಗಿ ಬಂದಿದೆ" ಅಂದೆ.

"ಹೂಂ ಕಣಪ್ಪ."

"ಎಷ್ಟರಿಂದ ಮೇಲೆ ಹಾಕಿಸಿದ್ದೀರಿ?"

"ಐದು ಸಾವಿರದ ಒಂದರಿಂದ" ಅಂದು ನನ್ನ ಮುಖ ನೋಡಿದರು. ಅವರಿಗೆ ಎಲ್ಲಾ ಗೊತ್ತು. "ನೀನು ಒಂದು ರೂಪಾಯಿ ಕಮ್ಮಿ ಕಳಿಸಿದ್ದೀಯ ಕಣೋ. ನಾನು ಹೇಳಿದೆ, ನಮ್ಮ ಹುಡುಗ, ಹಾಕ್ರಪ್ಪ ಅಂತ. ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕಾಗುತ್ತೆ ಅಂದ್ರು. ಕಲ್ಲು ಕೆತ್ತೋನು ಅಕ್ಷರಕ್ಕೆ ಇಷ್ಟು ಅಂತ ತಗೋತಾನೆ ನೋಡು."

ಈ ಒಂದು ರೂಪಾಯಿ ಗೊತ್ತಿಲ್ಲದ ವಿಷಯವೇನೂ ಅಲ್ಲ. ಕೊಡುವ ದುಡ್ಡು ಸೊನ್ನೆಗೆ ನಿಲ್ಲಬಾರದು, ಮೇಲೊಂದು ಇರಬೇಕು, ಆಗ ಕೊಡು-ಕೊಳ್ಳೋದು ಮುಂದುವರಿಯುತ್ತೆ ಅನ್ನೋದು ನಮ್ಮ ಕಡೆ ಮಗುವಿಗೂ ಗೊತ್ತು. ಮದುವೆಗೆ ಕೊಡುವ ಕವರ್ ಮೇಲೆ ಕಂಪನಿಯವನೇ ಒಂದು ರೂಪಾಯಿ ನಾಣ್ಯ ಅಂಟಿಸಿ ಮಾರುತ್ತಾನೆ, ನಾವು ಮರೆಯುತ್ತೇವೆ ಅಂತ. ಫೋನಿನಲ್ಲಿ ಯಾರೂ ನಾಣ್ಯ ಅಂಟಿಸಿರಲ್ಲ. ಹಾಗಾಗಿ ನನ್ನ ಪುಣ್ಯ ಒಂದು ರೂಪಾಯಿ ಕಮ್ಮಿ ಬಿದ್ದು ಗುಂಪಿಗೆ ಸೇರಿಹೋಯಿತು.

ಊಟಕ್ಕೆ ಕೂತಾಗ ನನಗೆ ನಾನೇ ಹೇಳಿಕೊಂಡೆ, ನಾನೇನು ಹೆಸರಿಗೋಸ್ಕರ ಕೊಟ್ಟಿದ್ದಾ? ಪಲ್ಯ ಬಡಿಸಿದಾಗ ಒಂದು ಸಲ ಹೇಳಿಕೊಂಡೆ. ಸಾರಿಗೆ ಒಂದು ಸಲ. ಪಾಯಸದ ಹೊತ್ತಿಗೆ ಹೆಂಡತಿಗೂ ಹೇಳಿದೆ. ಅವಳು, "ಇದನ್ನ ನೀವು ಬೆಳಗ್ಗೆಯಿಂದ ನಾಲ್ಕು ಸಲ ಹೇಳಿದ್ರಿ" ಅಂದು ಎಲೆ ಮಡಚಿದಳು. ಹೆಸರಿಗೋಸ್ಕರ ಕೊಡದವನು ಅದನ್ನು ಒಂದು ಸಲವೂ ಹೇಳಬೇಕಾಗಿಲ್ಲ ಅಲ್ವಾ.

ಮಧ್ಯಾಹ್ನ ಮತ್ತೆ ಫಲಕದ ಹತ್ತಿರ ಹೋದೆ, ಈ ಸಲ ಬೇರೆಯವರ ಹೆಸರು ಓದಲಿಕ್ಕೆ. ಹೊಟ್ಟೆಕಿಚ್ಚು ಇದ್ದಾಗ ಓದು ಬಹಳ ಚುರುಕಾಗಿರುತ್ತೆ. ಒಬ್ಬರ ಹೆಸರಿನ ಜತೆ "ಧರ್ಮಪತ್ನಿ, ಮಕ್ಕಳು, ಸೊಸೆಯಂದಿರು ಮತ್ತು ಮೊಮ್ಮಕ್ಕಳು, ನ್ಯೂಜೆರ್ಸಿ" ಅಂತಿತ್ತು. ಅಕ್ಷರದ ಲೆಕ್ಕದಲ್ಲಿ ನೋಡಿದರೆ ಆ ಕುಟುಂಬವನ್ನು ಕೆತ್ತಿಸುವುದಕ್ಕೇ ಅವರ ದೇಣಿಗೆಯಲ್ಲಿ ಒಂದಷ್ಟು ಹೋಗಿರಬೇಕು. ಇನ್ನೊಬ್ಬರು ಹೆಸರಿನ ಮುಂದೆ ಇಟ್ಟಿಗೆ ಕಾರ್ಖಾನೆಯ ಮೊಬೈಲ್ ನಂಬರನ್ನೂ ಹಾಕಿಸಲು ಕೇಳಿದ್ದರಂತೆ. ಕಮಿಟಿ ಒಪ್ಪಲಿಲ್ಲ. ಎರಡು ಸಂಜೆ ಜಗಳ ಆಯಿತಂತೆ.

ನಡುವೆ ಒಂದು ಸಾಲು ಇತ್ತು. "ಗುಪ್ತದಾನ, 25,001." ಅವತ್ತು ನನಗೆ ಅತಿ ಖುಷಿ ಕೊಟ್ಟ ಸಾಲು ಅದು. ಪಕ್ಕದಲ್ಲಿ ಏಳೆಂಟು ಜನ ನಿಂತಿದ್ದರು. "ಈ ಗುಪ್ತದಾನ ಯಾರದ್ದು ಸಾರ್?" ಅಂತ ಸುಮ್ನೆ ಕೇಳಿದೆ. ಒಬ್ಬರು ಆಕಾಶ ನೋಡಿದರು. ಒಬ್ಬರು ಮೀಸೆಯಲ್ಲೇ ನಕ್ಕರು. ಮೂರನೆಯವರು, "ಯಾರದ್ದಾದ್ರೇನು ಬಿಡಿ, ಭಗವಂತನಿಗೆ ಗೊತ್ತು" ಅಂದು ಶಲ್ಯ ಸರಿಮಾಡಿಕೊಂಡರು. ದುಡ್ಡು ಕೊಟ್ಟವರು ಒಬ್ಬರೇ. ಹೆಸರು ಮೂರು ಜನಕ್ಕೆ ಬಂತು.

ಒಳಗೆ ಟ್ಯೂಬ್‌ಲೈಟ್‌ಗಳಿವೆ. ಹಳೆಯ ಗುಡಿಗಳಲ್ಲಿ ನೀವೂ ನೋಡಿರುತ್ತೀರಿ. ದಾನಿಯ ಹೆಸರು, ಅವರಪ್ಪನ ಹೆಸರು, ಊರು ಎಲ್ಲವನ್ನೂ ಕೆಂಪು ಪೇಂಟಿನಲ್ಲಿ ಟ್ಯೂಬಿನ ಉದ್ದಕ್ಕೂ ಬರೆಸಿ, ಬೆಳಕು ಹೊರಗೆ ಬರಲು ಎರಡು ಕೊನೆಯಲ್ಲಿ ಒಂದೊಂದು ಗೇಣು ಜಾಗ ಬಿಟ್ಟಿರುತ್ತಾರೆ. ದೀಪದ ಕೆಳಗೆ ಕತ್ತಲು ಅಂತ ಗಾದೆ. ಇದು ದೀಪದ ಮೇಲೇ ಕತ್ತಲು. ಫ್ಯಾನಿನ ಕತೆ ಇನ್ನೂ ಕಷ್ಟ. ರೆಕ್ಕೆ ಮೇಲೆ ಹೆಸರು ಬರೆಸಿದರೆ, ತಿರುಗಿದಾಗ ಹೆಸರು ಕಾಣಲ್ಲ, ನಿಲ್ಲಿಸಿದರೆ ಜನ ಬೆವರುತ್ತಾರೆ. ನಮ್ಮೂರಿನ ಫ್ಯಾನಿನ ದಾನಿಯೊಬ್ಬರು ಗುಡಿಗೆ ಬಂದಾಗಲೆಲ್ಲ "ಯಾಕೋ ಇವತ್ತು ಸ್ವಲ್ಪ ಥಂಡಿ ಇದೆ" ಅನ್ನುತ್ತಾರೆ, ಏಪ್ರಿಲ್‌ನಲ್ಲೂ.

ನಗು ಬರುತ್ತೆ. ಆದರೆ ನಾನು ಆ ಫ್ಯಾನಿನ ಕೆಳಗೇ ಕೂತಿದ್ದೆ. ಹೆಸರಿನ ಆಸೆಯೇ ಇಲ್ಲದ ಪುಣ್ಯಾತ್ಮರು ಬರಲಿ ಅಂತ ಕಾದಿದ್ದರೆ ನಮ್ಮ ಗುಡಿಯ ಮಾಳಿಗೆ ಈಗಲೂ ಸೋರುತ್ತಿತ್ತು. ಹತ್ತು ವರ್ಷ ಸೋರಿದ್ದು ನನಗೆ ಗೊತ್ತು, ಆಗ ಫಲಕದ ಮಾತು ಎತ್ತಿರಲಿಲ್ಲ.

ಹೆಸರು ಎಲ್ಲಿ ಕೂರುತ್ತೆ ಅನ್ನುವುದರ ಮೇಲೂ ದಾನ ನಿಂತಿದೆ. ಜಾತ್ರೆಯಲ್ಲಿ ಹೆಂಗಸರಿಗೆ ಬಹಳ ತೊಂದರೆ, ಗುಡಿ ಹಿಂದೆ ಎರಡು ಕಕ್ಕಸು ಕಟ್ಟಿಸೋಣ ಅಂತ ಕಮಿಟಿಯಲ್ಲಿ ಮಾತು ಬಂತಂತೆ. ಇದೆಲ್ಲ ಚಿಕ್ಕಪ್ಪ ಹೇಳಿದ್ದು. ಗೋಪುರಕ್ಕೆ ದುಡ್ಡು ಸೇರಿತ್ತು. ಗರ್ಭಗುಡಿ ಬಾಗಿಲಿಗೆ ಹಿತ್ತಾಳೆ ತಗಡು ಹೊದಿಸಲು ಇಬ್ಬರು ನಾನು ತಾನು ಅಂತ ನಿಂತಿದ್ದರು. ಕಕ್ಕಸು ಅಂದಕೂಡಲೇ ಸಭೆಯಲ್ಲಿದ್ದವರೆಲ್ಲ ಒಟ್ಟಿಗೆ ಫೋನ್ ನೋಡಿಕೊಂಡರು. ಅಪ್ಪನ ಜ್ಞಾಪಕಾರ್ಥ ಏನಾದರೂ ಮಾಡಿಸಲೇಬೇಕು ಅಂತ ಒಂದು ವರ್ಷದಿಂದ ಹೇಳುತ್ತಿದ್ದವರು, "ಅಪ್ಪನಿಗೆ ಇಂಥದ್ದೆಲ್ಲ ಇಷ್ಟ ಆಗ್ತಿರಲಿಲ್ಲ" ಅಂದರು. ಇಷ್ಟ ಆಗದೆ ಇರಲಿಕ್ಕೆ ಅದೇನು ಬದನೆಕಾಯಿ ಪಲ್ಯವೇ?

ಕೊನೆಗೆ ಪಟೇಲರ ಮನೆಯ ಹಿರಿಯರು ಎದ್ದು, ನಾನು ಕಟ್ಟಿಸುತ್ತೇನೆ, ಆದರೆ ಎಲ್ಲೂ ನನ್ನ ಹೆಸರು ಬರೆಯಕೂಡದು ಅಂತ ಷರತ್ತು ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಸರು ಬರೆಯಲಿಲ್ಲ. ಬರೆಯದೆ ಇದ್ದದ್ದೇ ಸುದ್ದಿಯಾಗಿ, ಸುತ್ತಲ ಹಳ್ಳಿಗಳಿಗೆಲ್ಲ ಅದು ಯಾರು ಕಟ್ಟಿಸಿದ್ದು ಅಂತ ತಿಳಿಯಿತು. ಈಗ ಊರಿನ ಮಕ್ಕಳು ಕಿರುಬೆರಳು ತೋರಿಸಿ, "ಅಮ್ಮಾ, ಪಟೇಲರ ಹತ್ರ ಹೋಗಿ ಬರ್ತೀನಿ" ಅಂತ ಓಡುತ್ತಾರೆ. ಯಾವುದಕ್ಕೆ ಹೆದರಿ ಹೆಸರು ಬೇಡ ಅಂದಿದ್ದರೋ ಅದೇ ಆಯಿತು. ಆದರೂ ಹೇಳುತ್ತೇನೆ, ಇಡೀ ಜೀರ್ಣೋದ್ಧಾರದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ದಾನ ಅದೇ.

ಮಾರನೆಯ ದಿನ ಮಕ್ಕಳನ್ನು ಕರೆದುಕೊಂಡು ಶ್ರವಣಬೆಳಗೊಳಕ್ಕೆ ಹೋದೆವು. ಹೇಗಿದ್ದರೂ ನಮ್ಮ ತಾಲೂಕೇ. ಚಪ್ಪಲಿ ಕೆಳಗೆ ಬಿಟ್ಟು ಆರುನೂರು ಚಿಲ್ಲರೆ ಮೆಟ್ಟಿಲು ಹತ್ತಬೇಕು. ನನ್ನ ವಯಸ್ಸಿಗೆ ಮುನ್ನೂರರ ಹೊತ್ತಿಗೇ ವೈರಾಗ್ಯ ಬರುತ್ತೆ. ಮೇಲೆ ಹೋಗಿ ಗೊಮ್ಮಟನ ಮುಂದೆ ನಿಂತೆ. ಐವತ್ತೆಂಟು ಅಡಿ. ಎಲ್ಲರೂ ತಲೆಯೆತ್ತಿ ಮುಖ ನೋಡುತ್ತಿದ್ದರು. ನಾನು ಮಾತ್ರ, ಹಿಂದಿನ ದಿನದ ಗಾಯ ಹಸಿ ಇದ್ದದ್ದರಿಂದ, ಕಾಲ ಬುಡ ನೋಡುತ್ತಿದ್ದೆ. ಅಲ್ಲಿ ಬರೆದಿದೆ: "ಶ್ರೀ ಚಾವುಂಡರಾಜಂ ಮಾಡಿಸಿದಂ."

ಗಂಗರ ಮಂತ್ರಿ ಚಾವುಂಡರಾಯ ಇದನ್ನು ಮಾಡಿಸಿದ್ದು ಹತ್ತನೆಯ ಶತಮಾನದ ಕೊನೆಯಲ್ಲಿ. ಕನ್ನಡದಲ್ಲಿ ಬರೆಸಿದ್ದು ಸಾಲದು ಅಂತ ತಮಿಳಿನಲ್ಲೂ ಇದೆ, ಮರಾಠಿಯಲ್ಲೂ ಇದೆ. ಯಾವ ದಿಕ್ಕಿನಿಂದ ಬಂದವರೂ ಗೊತ್ತಾಗಲಿಲ್ಲ ಅನ್ನುವ ಹಾಗಿಲ್ಲ. ಮುಂದೆ ಹೊಯ್ಸಳರ ಕಾಲಕ್ಕೆ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಬಂದು ಸುತ್ತಾಲಯ ಕಟ್ಟಿಸಿದ. ಅವನೂ ಅಲ್ಲೇ, ಅದೇ ಪಾದದ ಹತ್ತಿರ, ತಾನು ಮಾಡಿಸಿದ್ದು ಅಂತ ಬರೆಸಿದ. ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸುತ್ತೇನೆ ಅಂದುಬಿಟ್ಟೆ. ಐದು ಸಾವಿರದವನಿಗೆ ಹೆಸರಿನ ಚಪಲ ಇದ್ದರೆ ಏನು ದೊಡ್ಡ ತಪ್ಪು!

ಆದರೆ ಯಾರ ಕಾಲ ಬುಡದಲ್ಲಿ ಬರೆಸಿದ್ದಾರೆ ನೋಡಿ. ಗೆದ್ದ ರಾಜ್ಯವನ್ನು ಅಣ್ಣ ಭರತನಿಗೇ ಬಿಟ್ಟು, ಬಟ್ಟೆಯನ್ನೂ ಬಿಟ್ಟು, ಮೈಗೆ ಬಳ್ಳಿ ಹಬ್ಬುವ ತನಕ ನಿಂತ ಬಾಹುಬಲಿ. ಅವನಿಗೂ ಬೇಗ ಕೇವಲಜ್ಞಾನ, ಅಂದರೆ ಜೈನರು ಹೇಳುವ ಪೂರ್ಣ ಜ್ಞಾನ, ಬರಲಿಲ್ಲವಂತೆ, ನಾನು ನಿಂತಿರುವುದು ಭರತನ ನೆಲದ ಮೇಲೆ ಅನ್ನುವ ಒಂದು ಮುಳ್ಳು ಒಳಗೆ ಉಳಿದಿತ್ತು ಅಂತ ಕತೆ. ಆ ಭರತನದ್ದು ಇನ್ನೂ ಮಜಾ. ಆರು ಖಂಡ ಗೆದ್ದು, ಲೋಕದಲ್ಲಿ ನಾನೊಬ್ಬನೇ ಚಕ್ರವರ್ತಿ ಅಂತ ಹೆಸರು ಕೆತ್ತಿಸಲು ವೃಷಭಾಚಲಕ್ಕೆ ಹೋಗುತ್ತಾನೆ. ನೋಡಿದರೆ ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರು. ಒಂದು ಸಾಲು ಬರೆಯಲೂ ಜಾಗ ಇಲ್ಲ. ಪಾಪ, ಗರ್ವ ಇಳಿಯಿತಂತೆ. ಇಳಿದ ಮೇಲೆ ಏನು ಮಾಡಿದ? ಸುಮ್ಮನೆ ವಾಪಸ್ ಬಂದನಾ? ಯಾರದೋ ಹೆಸರು ಅಳಿಸಿ ತನ್ನದು ಬರೆಸಿದ! ಈ ಕತೆ ಕಟ್ಟಿದವರಿಗೆ ನಮ್ಮನ್ನು ಚೆನ್ನಾಗಿ ಗೊತ್ತಿತ್ತು. ಗರ್ವ ಇಳಿಯುವುದಕ್ಕೂ ಉಳಿ ಕೆಳಗಿಡುವುದಕ್ಕೂ ಸಂಬಂಧ ಇಲ್ಲ.

ನಾನು ಆ ಕತೆಯನ್ನು ಮಗಳಿಗೆ ಹೇಳುತ್ತಿರುವಾಗಲೇ ನೆನಪಾಯಿತು. ನಮ್ಮ ಗುಡಿ ಹಿಂದೆ, ನಲ್ಲಿ ಪಕ್ಕ, ತೆಂಗಿನಕಾಯಿ ಒಡೆಯುವ ಕಲ್ಲೊಂದಿದೆ. ಹಿಂದಿನ ದಿನ ನಾನೇ ಅದರ ಮೇಲೆ ಎರಡು ಕಾಯಿ ಒಡೆದಿದ್ದೆ. ಅಂಚಿನಲ್ಲಿ ಏನೋ ಅಕ್ಷರ ಕಂಡಿತ್ತು. ಸಂಜೆ ವಾಪಸ್ ಬಂದು ನೀರು ಹಾಕಿ ಉಜ್ಜಿದೆ. ಹಳೆಯ ಜೀರ್ಣೋದ್ಧಾರದ ದಾನಿಗಳ ಪಟ್ಟಿ! ಹೆಸರುಗಳಲ್ಲಿ ಮುಕ್ಕಾಲು ಪಾಲು ಅಳಿಸಿದೆ, ಆದರೆ ಕೆಲವರ ಮುಂದೆ 2 ರೂ., 5 ರೂ. ಅನ್ನೋದು ಕಾಣುತ್ತೆ. ಆ ಕಾಲಕ್ಕೆ ಈ ಕಲ್ಲಿಗಾಗಿಯೂ ಯಾರೋ ಎರಡು ಸಂಜೆ ಜಗಳ ಆಡಿರುತ್ತಾರೆ. ಯಾರೋ ಒಬ್ಬ ನಾಲ್ಕಾಣೆ ಕಮ್ಮಿ ಕೊಟ್ಟು ಇತರೆ ಭಕ್ತಾದಿಗಳಿಗೆ ಸೇರಿರುತ್ತಾನೆ. ಬಹುಶಃ ನಮ್ಮ ತಾತನೇ. ನಮ್ಮ ವಂಶದಲ್ಲಿ ಇದು ಹೊಸದಲ್ಲ ಅನ್ನಿಸುತ್ತೆ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರು. ದಾನಶಾಸನದಲ್ಲಿ ಕೊಟ್ಟವನ ಹೆಸರು ಹಾಕಿ ನಿಲ್ಲಿಸುತ್ತಿರಲಿಲ್ಲ. ಕೆಳಗೆ ಬೆದರಿಕೆಯೂ ಇರುತ್ತಿತ್ತು. ನಮ್ಮ ಜಿಲ್ಲೆಯದೇ ಆದ ಹಲ್ಮಿಡಿ ಶಾಸನ, ಸುಮಾರು 450ನೆಯ ಇಸವಿಯದ್ದು, ವಿಜ ಅರಸನಿಗೆ ಎರಡು ಊರು ಬಿಟ್ಟುಕೊಟ್ಟದ್ದನ್ನು ಹೇಳುತ್ತೆ. ಅದರಲ್ಲೇ, ಇದನ್ನು ಕದ್ದವನಿಗೆ ಮಹಾಪಾತಕ ಅಂತಲೂ ಇದೆ. ಅಂದರೆ ಕನ್ನಡದಲ್ಲಿ ನಮಗೆ ಸಿಕ್ಕ ತೀರಾ ಹಳೆಯ ಬರಹಗಳಲ್ಲೇ ಒಂದು ದಾನ, ಒಂದು ಕಳ್ಳತನದ ಅನುಮಾನ ಎರಡೂ ಒಟ್ಟಿಗೆ ಇವೆ. ಆಮೇಲಿನ ಶಾಸನಗಳಲ್ಲಿ ಬೆದರಿಕೆ ಬೆಳೆಯುತ್ತಾ ಹೋಯಿತು. ದಾನ ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು, ಅದು ತಾನೇ ಕೊಟ್ಟಿದ್ದಾದರೂ ಸರಿ, ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನುವ ಸಂಸ್ಕೃತ ಶ್ಲೋಕ ನೂರಾರು ಕಲ್ಲುಗಳ ಮೇಲಿದೆ. "ತಾನೇ ಕೊಟ್ಟಿದ್ದಾದರೂ" ಅನ್ನುವ ಮಾತು ಗಮನಿಸಿ. ಕೊಟ್ಟವನಿಗೆ ರಾತ್ರಿ ನಿದ್ದೆ ಬರದೆ, ಛೆ ಜಾಸ್ತಿ ಆಯ್ತೇನೋ ಅನ್ನಿಸುತ್ತೆ ಅಂತ ಅವರಿಗೆ ಗೊತ್ತಿತ್ತು.

ಅವೇ ಶಾಸನಗಳಲ್ಲಿ ಇನ್ನೊಂದು ಶ್ಲೋಕ ಬರುತ್ತೆ. ದಾನ ಮಾಡುವುದು, ದಾನವನ್ನು ಕಾಪಾಡುವುದು ಎರಡರಲ್ಲಿ ಕಾಪಾಡುವುದೇ ದೊಡ್ಡದು, ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಅದಕ್ಕಿಂತ ಮೇಲಿನ ಜಾಗ ಅಂತ. ಇದನ್ನು ನಮ್ಮ ಕಮಿಟಿಯವರಿಗೆ ಹೇಳಿ ನೋಡಿದೆ. ಗುಡಿಯಲ್ಲಿ ಈಗ ಬಣ್ಣದ ಲೈಟುಗಳಿವೆ, ಎಲ್ಲದಕ್ಕೂ ದಾನಿಗಳಿದ್ದಾರೆ. ಕರೆಂಟ್ ಬಿಲ್ಲಿಗೆ ಇಲ್ಲ. ಕಸ ಗುಡಿಸುವ ಅಜ್ಜಿಯ ಸಂಬಳಕ್ಕೆ ಇಲ್ಲ. ಗ್ರಾನೈಟಿನ ಮೇಲೆ "ಏಪ್ರಿಲ್ ತಿಂಗಳ ಕರೆಂಟ್ ಬಿಲ್ಲಿನ ದಾನಿಗಳು" ಅಂತ ಕೆತ್ತಿಸಿದರೆ ಯಾರಾದರೂ ಮುಂದೆ ಬರುತ್ತಾರೇನೋ. "ಐಡಿಯಾ ಚೆನ್ನಾಗಿದೆ, ನಿನ್ನಿಂದಲೇ ಶುರು ಮಾಡೋಣ" ಅಂದರು ಚಿಕ್ಕಪ್ಪ. ನಾನೂ ಫೋನ್ ನೋಡಿಕೊಂಡೆ.

ಬೆಳಗೊಳದ ವಿಷಯಕ್ಕೆ ಮತ್ತೆ ಬರುತ್ತೇನೆ, ಒಂದು ಬಿಟ್ಟುಹೋಯಿತು. ಗೊಮ್ಮಟನ ಎದುರಿಗೆ, ಸುತ್ತಾಲಯದ ಆಚೆ, ಒಂದು ಮುದುಕಿಯ ಪುಟ್ಟ ಮೂರ್ತಿ ಇದೆ. ಗುಳ್ಳಕಾಯಜ್ಜಿ. ಕತೆ ಎಲ್ಲರಿಗೂ ಗೊತ್ತು. ಮೂರ್ತಿ ಮಾಡಿಸಿದ ಚಾವುಂಡರಾಯನಿಗೆ ಸ್ವಲ್ಪ ಜಂಬ ಬಂತು. ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಕೆಳಗೆ ಇಳಿಯಲೇ ಇಲ್ಲ. ಆಗ ಒಬ್ಬ ಅಜ್ಜಿ ಗುಳ್ಳಕಾಯಿಯಲ್ಲಿ ತಂದ ಒಂಚೂರು ಹಾಲು ಹಾಕಿದಳು. ತಲೆಯಿಂದ ಪಾದದ ತನಕ ನೆನೆದು, ಬೆಟ್ಟದ ಕೆಳಗೂ ಹರಿಯಿತು. ಮಕ್ಕಳಿಗೆ ಹೇಳುವಾಗ ಇಲ್ಲಿಗೆ ನಿಲ್ಲಿಸಿ, ನೋಡಿದ್ರಾ, ಜಂಬ ಇರಬಾರದು ಅನ್ನುತ್ತೇವೆ.

ಮಗಳು ಕೇಳಿದಳು, "ಅಪ್ಪಾ, ಆ ಅಜ್ಜಿ ಹೆಸರೇನು?"

ಗುಳ್ಳಕಾಯಜ್ಜಿ ಅಂದೆ.

"ಅದು ಪಾತ್ರೆ ಹೆಸರಲ್ವಾ?"

ಹೌದು. ಹೆಸರು ಗೊತ್ತಿಲ್ಲ. ಆಕೆ ದೇವತೆಯೇ ವೇಷ ಹಾಕಿಕೊಂಡು ಬಂದಿದ್ದು ಅಂತಲೂ ಹೇಳುತ್ತಾರೆ, ಇರಲಿ. ನನಗೆ ಹೊಳೆದದ್ದು ಬೇರೆ. ಆ ಅಜ್ಜಿಯ ಮೂರ್ತಿ ಮಾಡಿಸಿದ್ದೂ ಚಾವುಂಡರಾಯನೇ ಅನ್ನುತ್ತಾರೆ. ಮೂರು ಭಾಷೆಯಲ್ಲಿ ಹೆಸರು ಬರೆಸಿಕೊಂಡ ಮನುಷ್ಯ, ತನ್ನ ಜಂಬ ಮುರಿದವಳನ್ನೂ ತಂದು ಎದುರಿಗೇ ನಿಲ್ಲಿಸಿದ. ನಮ್ಮ ಕಮಿಟಿಯಲ್ಲಿ ಅಷ್ಟು ಎದೆಗಾರಿಕೆ ಇರುವವರು ಯಾರೂ ಇಲ್ಲ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. 2018ರ ಮಹಾಮಸ್ತಕಾಭಿಷೇಕದಲ್ಲಿ ಮೊದಲ ಕಲಶ ಕೋಟಿಗಟ್ಟಲೆಗೆ ಹೋಗಿದ್ದನ್ನು ಪೇಪರಿನಲ್ಲಿ ಓದಿದ್ದೆ. ಆ ಅಜ್ಜಿ ಈಗ ಗುಳ್ಳಕಾಯಿ ಹಿಡಿದು ಬಂದರೆ ಯಾವ ಸಾಲಿನಲ್ಲಿ ನಿಲ್ಲಬೇಕೋ!

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನನ್ನ ಸಣ್ಣತನ ನನಗೇ ಬೇಜಾರು ತರಿಸಿತು. ಆ ಬೇಜಾರಿನಲ್ಲಿ, ಯಾವ ದೇವರು ಬುದ್ಧಿ ಕೊಟ್ಟನೋ ಗೊತ್ತಿಲ್ಲ, ರಾತ್ರಿ ಹನ್ನೊಂದು ಗಂಟೆಗೆ ಫೋನ್ ತೆಗೆದು ಗುಡಿಯ ಖಾತೆಗೆ ಇನ್ನೊಂದು ರೂಪಾಯಿ ಕಳಿಸಿದೆ. ಅಲ್ಲಿಗೆ 5,001 ಆಯಿತಲ್ಲ. ಫಲಕದಲ್ಲಿ ಕೆಳಗಡೆ ಬಲಕ್ಕೆ ಸ್ವಲ್ಪ ಜಾಗ ಇದ್ದದ್ದನ್ನೂ ನೋಡಿಕೊಂಡು ಬಂದಿದ್ದೆ, ಸುಳ್ಳು ಯಾಕೆ ಹೇಳಲಿ.

ಹೆಂಡತಿಗೆ ಹೇಳಲಿಲ್ಲ. ಚಿಕ್ಕಪ್ಪನಿಂದಲೂ ಏನೂ ಉತ್ತರ ಬರಲಿಲ್ಲ.

ತಿಂಗಳ ಕೊನೆಯಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ಲೆಕ್ಕಪತ್ರ ಬಂತು. ಹೂವು, ಎಣ್ಣೆ, ಕರೆಂಟು, ಅರ್ಚಕರ ತಟ್ಟೆ, ಹುಂಡಿ ಎಲ್ಲಾ ಇತ್ತು. ಜಮಾ ಕಡೆ ಕೊನೆಯ ಸಾಲಿನಲ್ಲಿ ಚಿಕ್ಕಪ್ಪ ಬರೆದಿದ್ದರು: "ಗುಪ್ತದಾನ, 1 ರೂ."

ಕೆಳಗೆ ಒಬ್ಬರು ಆಗಲೇ ಕೈಮುಗಿದ ಚಿತ್ರ ಹಾಕಿ, "ಯಾರದ್ದಾದ್ರೇನು, ಭಗವಂತನಿಗೆ ಗೊತ್ತು" ಅಂದಿದ್ದರು. ಅದೇ ಶಲ್ಯದವರು.